ಎರವಲು ಉಸಿರು

"ಈ ಕಥೆ ಬರೆದೋರು ನೀವೇನಾ?"

ಮೂಡಲಪಾಳ್ಯದ ಲೈಬ್ರರಿ ಮೆಟ್ಟಿಲ ಮೇಲೆ ನೀಲಾಂಬಿಕಾಳಿಗೆ ಎದುರಾದವನು ಕಲ್ಮೇಶ್. ಪ್ರೊಫೈಲ್ ಫೋಟೋ ನೋಡಿ ಗುರುತು ಹಿಡಿದಿದ್ದ. ಕಥೆಯ ಆ್ಯಪ್‌ನಲ್ಲಿ ಅವನು ಬರೆದದ್ದನ್ನೆಲ್ಲ ಅವಳು ವಚನದಂತೆ ಗಟ್ಟಿಯಾಗಿ ಓದಿ ಬಾಯಿಪಾಠ ಮಾಡಿದ್ದಳು. ಅವಳು ಬರೆಯಲು ಕಲಿತದ್ದೇ ಹಾಗೆ. ಈಗ ಅವನ ಕೈಯ ಮೊಬೈಲಿನಲ್ಲಿ ಅವಳ ಕಥೆ ತೆರೆದಿತ್ತು.

ಸಿಕ್ಕಿಬಿದ್ದೆ...

ಅವಳು ಹೌದೆಂದು ತಲೆಯಾಡಿಸಿದಳು. ಏನೋ ಕೇಳಿಸಬೇಕಿದೆ, ಭಾನುವಾರ ಬ್ಯಾಡರಹಳ್ಳಿಯ ತಮ್ಮ ಮನೆಗೆ ಬನ್ನಿ ಎಂದ. ನಗಲಿಲ್ಲ.

ಆ ವಾರವೆಲ್ಲ ಅವಳಿಗೆ ಉಸಿರು ಕಟ್ಟಿದಂತಿತ್ತು. ಓದುಗರು ಅವಳ ಕಥೆಯ ಕೊನೆಯ ಭಾಗಕ್ಕೆ ಕಾಯುತ್ತಿದ್ದರು. ಬರೆಯಲು ಕೂತರೆ ಎರಡು ಮಾತಿಗೊಮ್ಮೆ ಅವನದೇ ನಿಲುಗಡೆ, ಅವನದೇ ಮೂರು ಚುಕ್ಕಿ. ಅಳಿಸಿದರೆ ಏನೂ ಉಳಿಯುತ್ತಿರಲಿಲ್ಲ. ಅಮ್ಮನನ್ನು ಸಾರಿಗೆ ಉಪ್ಪು ಸಾಕಾ ಎಂದು ಕೇಳಿದರೂ ಅವನ ಧಾಟಿಯೇ!

ನನ್ನದು ಅಂತ ಒಂದು ವಾಕ್ಯವೂ ಇಲ್ವಾ? ನಾನು ಇಷ್ಟಪಟ್ಟಿದ್ದು ಅವನನ್ನೋ, ಅವನ ಮಾತನ್ನೋ?

ಅವನು ಕಳ್ಳಿ ಎನ್ನುವ ಮೊದಲೇ ಬರೆಯುವುದನ್ನು ಬಿಟ್ಟುಬಿಡುವುದು... ಹಾಗೆಂದುಕೊಂಡು ಭಾನುವಾರ ಶಿವನಿಗೆ ಕೈಮುಗಿದು ಹೊರಟಳು.

ಕಲ್ಮೇಶನ ಅಜ್ಜಿ ಶಾಂತವ್ವ ಹಣೆತುಂಬ ವಿಭೂತಿ ಹಚ್ಚಿಕೊಂಡು ಕಿಟಕಿಯ ಬಳಿ ಕೂತಿದ್ದರು.

"ಬಾರವ್ವ, ಕುಂದ್ರು. ಹೆದರಬ್ಯಾಡ, ಇವ ಮಾಸ್ತರಲ್ಲ."

ಅಷ್ಟು ಹೇಳಿ ಶಿವಸ್ತುತಿ ಎತ್ತಿಕೊಂಡರು. ಎರಡು ಮಾತು... ನಿಂತರು. ಮತ್ತೆರಡು... ನಿಂತರು.

ನೀಲಾಂಬಿಕಾಳ ಮೈ ಜುಮ್ಮೆಂದಿತು. ಅದೇ ನಿಲುಗಡೆ! ಅದೇ ಮೌನ!

ಸ್ತುತಿ ಮುಗಿಸಿದ ಅಜ್ಜಿ ಇನ್ಹೇಲರ್ ಹುಡುಕಿದರು.

"ಅಸ್ತಮಾ," ಎಂದ ಕಲ್ಮೇಶ್. ಚಿಕ್ಕವನಿದ್ದಾಗ ಅಜ್ಜಿ ನಿಂತಲ್ಲೆಲ್ಲ ತಾನೂ ನಿಂತು ಹಾಡುತ್ತಿದ್ದನಂತೆ. ಹಾಡುವ ರೀತಿಯೇ ಅದು ಎಂದುಕೊಂಡಿದ್ದ. ಬರವಣಿಗೆಗೂ ಅದೇ ಬಂತು.

"ನಾನು ಅಜ್ಜಿ ಹತ್ರ ಕಲ್ತೆ, ನೀವು ನನ್ನ ಹತ್ರ. ಅದ್ರಲ್ಲಿ ತಪ್ಪೇನಿಲ್ಲ. ಆದ್ರೆ ನಿಮ್ಮ ಉಸಿರು ಚೆನ್ನಾಗೇ ಇದೆಯಲ್ಲ... ನೀವ್ಯಾಕೆ ನಿಲ್ತೀರಾ?"

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ಇಷ್ಟು ದಿನ ಬಾಯಿಪಾಠ ಮಾಡಿದ್ದು ಒಬ್ಬ ಅಜ್ಜಿಯ ಏದುಸಿರನ್ನು!

"ನಿಮ್ಮ ಕಥೇಲಿ ಒಂದು ಕಡೆ ಮಾತ್ರ ನೀವು ನಿಂತಿಲ್ಲ," ಎಂದ ಅವನು, ಮೆಲ್ಲಗೆ. "ನಿಮ್ಮ ನಾಯಕಿ ಬಸ್ಸಲ್ಲಿ ಅತ್ತೆ ಜೊತೆ ಜಗಳ ಆಡೋ ಜಾಗ. ಎಷ್ಟು ಸಲ ಓದಿದೀನೋ. ಅದನ್ನ ಬರೆದೋರನ್ನ ನೋಡ್ಬೇಕು ಅಂತಲೇ ನಿಮ್ಮನ್ನ ಹುಡುಕಿದ್ದು."

ಅವನಂತೆ ಬಂದಿಲ್ಲವೆಂದು ನಾಚಿ, ಅವಳು ಅಳಿಸಬೇಕೆಂದಿದ್ದ ಭಾಗ ಅದು.

ಈಗ ಹೇಳಿಬಿಡಬೇಕು... ಆದರೆ ಅವನ ಮಾತಿನಲ್ಲಲ್ಲ. ಅವಳು ತುಂಬು ಉಸಿರು ಎಳೆದುಕೊಂಡಳು.

"ನಿಮ್ಮ ಕಥೆ ಓದಿ ನಿಮ್ಮನ್ನ ಇಷ್ಟಪಟ್ಟೆ ಅಂದ್ಕೊಂಡಿದ್ದೆ ಈಗ ನೋಡಿದ್ರೆ ಕಥೆ ಇಲ್ದೇನೂ ಇಷ್ಟ ಆಗ್ತಿದೀರ ನಾನೇನು ಮಾಡ್ಲಿ ಹೇಳಿ."

ಈ ಸಲ ನಿಂತದ್ದು ಕಲ್ಮೇಶನ ಮಾತು.

"ನಾನೂ..."

"ಯಾಕ್ರೀ, ನಿಮಗೂ ಅಸ್ತಮಾನಾ?"

ಕಿಟಕಿಯ ಬಳಿ ಅಜ್ಜಿ ಕೆಮ್ಮುತ್ತಲೇ ನಕ್ಕರು.

"ನಾನೂ ಅಷ್ಟೇ ಕಣ್ರೀ," ಎಂದ ಅವನು, ಎಲ್ಲೂ ನಿಲ್ಲದೆ.