ಶನಿವಾರ ನಾಲ್ಕರಿಂದ ಆರು

"ಬಾರೇ ಕೆಳಗೆ. ಕಳ್ಳ-ಪೊಲೀಸ್ ಆಡ್ತಿದ್ದೀವಿ, ಪೊಲೀಸ್ ಒಬ್ರು ಕಮ್ಮಿ."

ಬಾಗಿಲಲ್ಲಿ ಬುಗುರಿ ನಿಂತಿದ್ದಳು. ಮೂರು ಮಹಡಿ ಒಂದೇ ಉಸಿರಿಗೆ ಹತ್ತಿ ಬಂದಿದ್ದಳು. ನಿಂತ ಕಡೆ ನಿಲ್ಲದವಳು ಅಂತಲೇ ಅವಳಿಗೆ ಆ ಹೆಸರು ಬಿದ್ದಿದ್ದು. ಈಗಲೂ ಅವಳ ಒಂದು ಕಾಲು ಮೆಟ್ಟಿಲ ಮೇಲೇ ಇತ್ತು.

ಒಳಗೆ ನಿಂತಿದ್ದವಳು ಪಿಟೀಲು. ಎಳೆಮಗುವಾಗಿದ್ದಾಗ ಒಂದೇ ರಾಗದಲ್ಲಿ ಗಂಟೆಗಟ್ಟಲೆ ಅಳುತ್ತಿದ್ದಳಂತೆ, ಅದಕ್ಕೇ ಅಜ್ಜ ಇಟ್ಟ ಹೆಸರು. ಈಗ ಅವಳಿಗೆ ಹತ್ತು ವರ್ಷ. ಅಳು ಹೋಯಿತು, ಹೆಸರು ಉಳಿಯಿತು.

ಅಮ್ಮನ ಓದಿಗಾಗಿ ಮೂರು ವರ್ಷ ಹೊರದೇಶದಲ್ಲಿದ್ದು, ಅವರು ಹಳೆಯ ಮನೆಗೇ ವಾಪಸ್ ಬಂದು ಹತ್ತು ದಿನವಾಗಿತ್ತು. ಈ ಹತ್ತು ದಿನವೂ ಪಿಟೀಲು ಕಾದಿದ್ದು ಬುಗುರಿಗಾಗಿಯೇ. ಹೋಗುವ ಮೊದಲು ಇಬ್ಬರೂ ಜೀವದ ಗೆಳತಿಯರು. ಈಗಲೂ ಹೌದೋ ಅಲ್ಲವೋ ಗೊತ್ತಾಗದೆ ಪಿಟೀಲುಗೆ ರಾತ್ರಿ ಹಗಲು ಅದೇ ಯೋಚನೆ.

ಬುಗುರಿಯನ್ನು ನೋಡಿ ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಬಾಯಿಂದ ಬಂದ ಮಾತೇ ಬೇರೆ.

"ಇವತ್ತಾ? ಒಂದ್ನಿಮಿಷ ಇರು." ಓಡಿಹೋಗಿ ಗೋಡೆಯ ಕ್ಯಾಲೆಂಡರ್ ನೋಡಿ ಬಂದಳು. "ಶನಿವಾರ ಫ್ರೀ ಇದ್ದೀನಿ. ನಾಲ್ಕರಿಂದ ಆರು, ನಮ್ಮನೇಲಿ. ಓಕೆನಾ?"

"ಇವತ್ತು ಇನ್ನೂ ಸೋಮವಾರ," ಎಂದಳು ಬುಗುರಿ.

"ಅದಕ್ಕೇ. ರೆಡಿಯಾಗೋಕೆ ಬೇಕಾದಷ್ಟು ಟೈಮ್ ಇದೆ."

ಬುಗುರಿ ಅವಳನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಆಮೇಲೆ ದಡದಡ ಇಳಿದುಹೋದಳು.

ಪಾಪ, ಪಿಟೀಲು ಜಂಬ ಮಾಡಿದ್ದಲ್ಲ. ಅವಳು ಇದ್ದ ಊರಿನಲ್ಲಿ ಆಟಕ್ಕೂ ದಿನ ಗೊತ್ತು ಮಾಡಬೇಕಿತ್ತು. ಒಬ್ಬ ಅಮ್ಮ ಇನ್ನೊಬ್ಬ ಅಮ್ಮನಿಗೆ ಮೆಸೇಜ್ ಮಾಡಿ, ಎಷ್ಟು ಗಂಟೆಗೆ ಬಿಡುವುದು, ಎಷ್ಟಕ್ಕೆ ಕರೆದುಕೊಂಡು ಹೋಗುವುದು ಎಂದೆಲ್ಲ ಮಾತಾಗಬೇಕು. ಹೇಳದೆ ಕೇಳದೆ ಬೆಲ್ ಹೊಡೆದರೆ ಏನಾಯಿತೋ ಎಂದು ಮನೆಯವರು ಗಾಬರಿಯಾಗುತ್ತಿದ್ದರು. ಇಷ್ಟವಾದವರಿಗೆ ಮಾತ್ರ ಶನಿವಾರ ಸಿಗುತ್ತಿತ್ತು. ಪಿಟೀಲು ಕ್ಯಾಲೆಂಡರಿನ ಆ ಚೌಕದಲ್ಲಿ ಒಂದು ಕೆಂಪು ನಕ್ಷತ್ರವನ್ನೂ ಬರೆದಿಟ್ಟಳು.

ಶನಿವಾರ ಮಧ್ಯಾಹ್ನವೇ ತಯಾರಿ ಶುರು. ಹಾಸಿಗೆಯ ಚಾದರ ಬದಲಾಯಿಸಿದಳು. ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿದಳು. ಸೇಬು ಹೆಚ್ಚಿಟ್ಟಳು. ನಾಲ್ಕಾಯಿತು. ನಾಲ್ಕೂಕಾಲಾಯಿತು. ಸೇಬು ಕಂದು ಬಣ್ಣಕ್ಕೆ ತಿರುಗಿತು. ನಾಲ್ಕೂವರೆಗೆ ಕೆಳಗಿನಿಂದ ನಗು ಕೇಳಿಸಿತು. ಬಾಲ್ಕನಿಯಿಂದ ಬಗ್ಗಿ ನೋಡಿದರೆ, ಸೈಕಲ್ ನಿಲ್ಲಿಸುವ ಜಾಗದಲ್ಲಿ ಬುಗುರಿ ಆರಾಮಾಗಿ ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಳು.

ಪಿಟೀಲುಗೆ ಮೈಯೆಲ್ಲ ಉರಿಯಿತು. ಕೆಳಗಿಳಿದು ಹೋಗಿ ನೇರವಾಗಿ ಕೇಳಿದಳು.

"ನಾಲ್ಕು ಗಂಟೆಗೆ ಬರ್ಬೇಕಿತ್ತು ನೀನು."

"ಬರ್ತೀನಿ ಅಂತ ನಾನೆಲ್ಲಿ ಹೇಳ್ದೆ?" ಬುಗುರಿ ಸೊಂಟದ ಮೇಲೆ ಕೈಯಿಟ್ಟಳು. "ಕರೆಯೋಕೆ ಬಂದ್ರೆ ಕ್ಯಾಲೆಂಡರ್ ನೋಡ್ತೀಯ. ನಮ್ಮಮ್ಮ ಹಲ್ಲು ಕೀಳಿಸೋಕೆ ಹೋಗುವಾಗ ಹಾಗೆ ಟೈಮ್ ತಗೋತಾರೆ. ನೀನೇನು ಹಲ್ಲಿನ ಡಾಕ್ಟರಾ?"

ಉಳಿದ ಮಕ್ಕಳು ಕಿಸಕ್ಕನೆ ನಕ್ಕರು. ಬುಗುರಿ ಮಾತ್ರ ನಗಲಿಲ್ಲ.

"ಅವತ್ತು ಇವರೆಲ್ಲ ಕರೀಬೇಡ, ಅವಳು ಬರಲ್ಲ ಅಂದ್ರು. ಬಂದೇ ಬರ್ತಾಳೆ ಅಂತ ನಾನು ಮೇಲೆ ಬಂದೆ," ಎಂದಳು. "ಹೋಗು, ಇವತ್ತು ನಂಗೆ ಪುರುಸೊತ್ತಿಲ್ಲ."

ಪಿಟೀಲು ಮೆಟ್ಟಿಲು ಹತ್ತಿದಳು. ಎರಡನೆಯ ಮಹಡಿಯ ಹೊತ್ತಿಗೆ ಕಣ್ಣು ತುಂಬಿ ಮೆಟ್ಟಿಲೇ ಕಾಣಿಸಲಿಲ್ಲ.

ಮನೆಯಲ್ಲಿ ಅಮ್ಮ ತಲೆಗೆ ಟವೆಲ್ ಸುತ್ತಿಕೊಂಡು, ಕುರ್ಚಿಯ ಮೇಲಿನ ಬಟ್ಟೆ ರಾಶಿಯನ್ನು ಎಲ್ಲಿ ಬಚ್ಚಿಡಲಿ ಎಂದು ಒದ್ದಾಡುತ್ತಿದ್ದಳು. ಬುಗುರಿಯ ಅಮ್ಮ ಬಂದು ಕೂತಿದ್ದರು. ಕೆಳಗಿನ ಮನೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿರುವ ಅವರನ್ನು ಎಲ್ಲರೂ ಟೈಲರ್ ಆಂಟಿ ಅನ್ನುತ್ತಿದ್ದರು. ಅಳತೆ ಟೇಪು ಇನ್ನೂ ಅವರ ಕೊರಳಲ್ಲೇ ನೇತಾಡುತ್ತಿತ್ತು.

"ಒಂದು ಫೋನ್ ಮಾಡಿದ್ರೆ ಮನೇನ ಸ್ವಲ್ಪ ನೀಟಾಗಿ ಇಟ್ಟಿರ್ತಿದ್ದೆ ಅಕ್ಕ," ಎಂದಳು ಅಮ್ಮ.

"ಮನೆ ಕಟ್ಕೊಂಡು ನಾನೇನು ಮಾಡ್ಲಿ? ನಿನ್ನ ನೋಡೋಕೆ ಬಂದೆ." ಆಂಟಿ ಆ ರಾಶಿಯನ್ನೇ ಮಡಿಲಿಗೆ ಎಳೆದುಕೊಂಡು, ಮಾತಾಡುತ್ತಲೇ ಒಂದೊಂದಾಗಿ ಮಡಚತೊಡಗಿದರು. ಅಮ್ಮ ಸ್ವಲ್ಪ ಹೊತ್ತು ಕಕ್ಕಾಬಿಕ್ಕಿಯಾಗಿ ನಿಂತಿದ್ದಳು. ಆಮೇಲೆ ಅವಳೂ ಪಕ್ಕದಲ್ಲಿ ಕೂತಳು. ವಾಪಸ್ ಬಂದ ಮೇಲೆ ಅಮ್ಮ ಅಷ್ಟು ಜೋರಾಗಿ ನಕ್ಕಿದ್ದು ಅವತ್ತೇ ಮೊದಲು.

ಪಿಟೀಲು ಬಾಗಿಲ ಹತ್ತಿರ ನಿಂತು ಕೇಳುತ್ತಲೇ ಇದ್ದಳು.

ಮರುದಿನ ಭಾನುವಾರ. ಬೆಳಗ್ಗೆ ಎದ್ದವಳೇ ಮುಖ ತೊಳೆದುಕೊಂಡು ಕೆಳಗಿನ ಮನೆಯ ಬೆಲ್ ಹೊಡೆದಳು. ಇಷ್ಟು ಬೆಳಗ್ಗೆ ಬಂದದ್ದಕ್ಕೆ ಬೈದರೆ? ಬುಗುರಿ ಮುಖಕ್ಕೇ ಬಾಗಿಲು ಹಾಕಿಬಿಟ್ಟರೆ?

ಟೈಲರ್ ಆಂಟಿ ಬಾಗಿಲು ತೆಗೆದರು. ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡಿದ್ದರು. ಅವಳನ್ನು ನೋಡಿ ತಲೆಯಾಡಿಸಿ, ಹಾಗೇ ತಿರುಗಿ ಮೆಷಿನ್ ಹತ್ತಿರ ಹೋಗಿಬಿಟ್ಟರು. ಒಳಗೆ ಬಾ ಅನ್ನಲೇ ಇಲ್ಲ.

ಪಿಟೀಲು ಕಾಲೊರೆಸಿನ ಮೇಲೆ ನಿಂತಳು. ನಿಂತೇ ಇದ್ದಳು. ಮೆಷಿನ್ ಗಡಗಡ ಎಂದು ಒಂದು ತೋಳು ಹೊಲಿದು ಮುಗಿಸಿತು.

"ಅಯ್ಯೋ, ಇನ್ನೂ ಅಲ್ಲೇ ನಿಂತಿದ್ದೀಯಾ?" ಆಂಟಿ ತಲೆಯೆತ್ತಿದರು. "ನಿನ್ನೂ ಕರೀಬೇಕೇನೇ? ಬಾಗಿಲು ಹಾಕ್ಕೊಂಡು ಹೋಗು, ಅವಳು ಒಳಗಿದ್ದಾಳೆ."

ಒಳಗೆ ಬುಗುರಿ ಮಂಚದ ಮೇಲೆ ಕೂತಿದ್ದಳು. ಕೆದರಿದ ಕೂದಲು, ಒಂದು ಕಾಲಿಗೆ ಸಾಕ್ಸ್, ಇನ್ನೊಂದು ಬರಿಗಾಲು. ಪಿಟೀಲುವನ್ನು ನೋಡಿ ಮುಖ ಆಚೆ ತಿರುಗಿಸಿದಳು.

"ಆಟಕ್ಕೆ ದಿನ ಹೇಳಿದ್ದು ನೀನು ಬೇಡ ಅಂತಲ್ಲ ಕಣೇ," ಎಂದಳು ಪಿಟೀಲು. "ಅಲ್ಲಿ ಫ್ರೆಂಡ್ಸ್ ಜೊತೆ ಹಾಗೇ ಮಾಡ್ತಾರೆ. ನಾನು ಒಂದು ವಾರದಿಂದ ಕಾಯ್ತಿದ್ದೆ. ಕ್ಯಾಲೆಂಡರಲ್ಲಿ ನಕ್ಷತ್ರ ಬೇರೆ ಹಾಕಿದ್ದೆ."

ಬುಗುರಿ ಗೋಡೆಯನ್ನೇ ನೋಡುತ್ತಿದ್ದಳು. "ಸೇಬು ಹೆಚ್ಚಿಟ್ಟಿದ್ಯಂತೆ," ಎಂದಳು ಕೊನೆಗೆ. "ಅಮ್ಮ ಹೇಳಿದ್ರು."

"ಹೂಂ. ಎಲ್ಲಾ ಕಪ್ಪಾಯ್ತು."

ಬುಗುರಿ ಬರಿಗಾಲನ್ನು ಮುಂದೆ ಚಾಚಿದಳು. "ಸುಮ್ನೆ ನಿಂತಿದ್ದೀಯಲ್ಲ, ನನ್ನ ಇನ್ನೊಂದು ಸಾಕ್ಸ್ ಹುಡುಕಿ ಕೊಡು. ಮಂಚದ ಕೆಳಗೆ ಬಿದ್ದಿರ್ಬೇಕು."

ಪಿಟೀಲು ಹೊಟ್ಟೆಯ ಮೇಲೆ ಮಲಗಿ ಒಳಗೆ ತೂರಿದಳು. ಅಲ್ಲಿ ಧೂಳು, ಮುರಿದ ಪೆನ್ಸಿಲ್, ಚಪ್ಪಟೆಯಾದ ಚೆಂಡು, ಬಟ್ಟೆಯ ಚೂರುಗಳು ಎಲ್ಲಾ ಇದ್ದವು. ಅವಳಿಗೆ ಸೀನು ಬಂತು. ಆ ಊರಿನಲ್ಲಿ ಅವಳು ಹೋದ ಮನೆಗಳೆಲ್ಲ ಅವಳು ಹೋಗುವಷ್ಟರಲ್ಲಿ ಗುಡಿಸಿ ಒರೆಸಿ ಸಿದ್ಧವಾಗಿರುತ್ತಿದ್ದವು. ಮೂರು ವರ್ಷದಲ್ಲಿ ಯಾರೂ ಅವಳನ್ನು ತಮ್ಮ ಮಂಚದ ಕೆಳಗೆ ಕಳಿಸಿರಲಿಲ್ಲ.

"ಸಿಕ್ತಾ?" ಮೇಲಿನಿಂದ ಬುಗುರಿ ಕೇಳಿದಳು.

ಸಾಕ್ಸ್ ಆಗಲೇ ಅವಳ ಕೈಯಲ್ಲಿತ್ತು.

"ಇನ್ನೂ ಇಲ್ಲ," ಎಂದಳು ಪಿಟೀಲು. "ನೀನೂ ಬಾ."