ದೀಪಸ್ತಂಭದ ಬಿಲ್ಲೆ

ಮೋಟಾರ್‌ಸೈಕಲ್ಲಿನ ದೀಪದ ಗಾಜಿಗೆ ಅಂಟಿ ಒಣಗಿದ್ದ ಹುಳುಗಳನ್ನು ನಾದಿನಿ ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆಯುತ್ತಿದ್ದಳು. ದೂರ ಓಡಿದ ಗಾಡಿಗೆ ಹುಳುಗಳೇ ಪದಕ ಎಂದು ಅವಳ ಅತ್ತಿಗೆ ಹೇಳುವುದುಂಟು. ಆದರೆ ಆ ಪದಕ ತೊಳೆಯುವ ಕೆಲಸ ಮಾತ್ರ ಯಾವಾಗಲೂ ನಾದಿನಿಯ ಪಾಲಿಗೇ. ಗಾಜು ಮುಗಿಸಿ ಟ್ಯಾಂಕಿನ ಕೆಳಗೆ ಬಟ್ಟೆ ಆಡಿಸಿದಳು. ಪೆಟ್ರೋಲನ್ನು ಬಿಡುವ, ನಿಲ್ಲಿಸುವ ನಲ್ಲಿಯ ಹಿಡಿ ಮುರಿದು ಎಷ್ಟೋ ಕಾಲವಾಗಿತ್ತು. ನಲ್ಲಿ ತೆರೆದಿದ್ದ ಹಾಗೆಯೇ ಅತ್ತಿಗೆ ಅದಕ್ಕೆ ತಂತಿ ಸುತ್ತಿ ಬಿಗಿದಿದ್ದರು.

"ಇದನ್ನ ಯಾವತ್ತು ಸರಿ ಮಾಡಿಸ್ತೀರಿ, ಅತ್ತಿಗೆ?"

"ಸೋರ್ತಾ ಇದೆಯಾ?"

"ಇಲ್ಲ."

"ಮತ್ತೆ? ಸುಮ್ಮನಿರೋದನ್ನ ಯಾಕೆ ಕೆಣಕ್ತೀಯ?"

ಅತ್ತಿಗೆ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಓಟದವರೆಲ್ಲ ಅವರನ್ನು ಇನ್‌ಸ್ಪೆಕ್ಟರಮ್ಮ ಎಂದೇ ಕರೆಯುತ್ತಿದ್ದರು. ಪ್ರತಿ ವರ್ಷ ಅವರು ಗಾಡಿ ಓಡಿಸಬೇಕು, ಹಿಂದೆ ನಾದಿನಿ ಕೂತು ದಾರಿ ಹೇಳಬೇಕು. ಅದು ವೇಗದ ಪಂದ್ಯವಲ್ಲ, ಹುಡುಕಾಟದ ಓಟ. ಒಗಟಿನಂಥ ಸುಳಿವುಗಳನ್ನು ಕೊಡುತ್ತಾರೆ. ಎಲ್ಲೋ ಒಂದು ಹಳೆಯ ಸೇತುವೆ, ಇನ್ನೆಲ್ಲೋ ಒಂದು ನಿಂತ ಗಡಿಯಾರ. ಅವನ್ನು ಹುಡುಕಿ ಹೋಗಿ, ತಮ್ಮ ಸಂಖ್ಯೆ ಹೊಲಿದ ಬಟ್ಟೆಯನ್ನು ಗಾಡಿಗೆ ಸಿಕ್ಕಿಸಿ ಫೋಟೋ ತೆಗೆಯಬೇಕು. ದೂರ ಹೆಚ್ಚಾದಷ್ಟೂ ಅಂಕ ಹೆಚ್ಚು. ಈ ಸಲ ಎಲ್ಲಕ್ಕಿಂತ ಹೆಚ್ಚು ಅಂಕವಿದ್ದದ್ದು, ಮುಚ್ಚಿಹೋದ ಒಂದು ದೀಪಸ್ತಂಭದ ಬಾಗಿಲಿನ ಮೊಳೆಗೆ ನೇತುಹಾಕಿದ್ದ ತಗಡಿನ ಬಿಲ್ಲೆಗೆ. ಬಿಲ್ಲೆ ಒಂದೇ. ಮೊದಲು ಹೋದವರು ತರಬೇಕು, ಕೊನೆಯ ಮೇಜಿನ ಮೇಲೆ ಅದನ್ನೇ ಇಡಬೇಕು.

ಆ ಹೊತ್ತಿಗೆ, ರಾತ್ರಿ ತಂಗಿದ್ದ ಅತಿಥಿಗೃಹದ ಶೆಡ್ಡಿನಿಂದ ಓಟದ ಇನ್ನೊಬ್ಬ ಸವಾರಳಾದ ಬೇಕರಿಯವಳು ತನ್ನ ಗಾಡಿಯನ್ನು ಚಾಲೂ ಮಾಡಿಕೊಂಡು ಬಂದಳು. ಊರಲ್ಲಿ ಬ್ರೆಡ್ಡು ಬನ್ನು ಮಾಡಿ ಮಾರುವ ಹೆಂಗಸು. ತೋಳುಗಳು ಹಿಟ್ಟು ನಾದಿ ಗಟ್ಟಿಯಾಗಿದ್ದವು. ಗೇಟಿನವರೆಗೆ ಬಂದ ಗಾಡಿ ಕೆಮ್ಮಿತು, ನಡುಗಿತು, ನಿಂತೇಹೋಯಿತು. ಆಕೆ ಬೈದುಕೊಳ್ಳುತ್ತ ಇಳಿದು, ಸ್ಪ್ಯಾನರಿಗೆಂದು ಸೀಟು ಎತ್ತಿದಳು. ಎತ್ತಿದ ಸೀಟು ಹಿಡಿದುಕೊಂಡೇ ನಿಂತಳು.

"ನನ್ನ ಬಿಲ್ಲೆ! ಇಲ್ಲೇ ಇಟ್ಟಿದ್ದೆ, ಬಟ್ಟೆ ಸುತ್ತಿ. ಬಟ್ಟೆ ಇದೆ, ಬಿಲ್ಲೆ ಇಲ್ಲ!"

ಅತ್ತಿಗೆ ಲೋಟ ಕೆಳಗಿಟ್ಟು ಎದ್ದರು. ಗಾಡಿಯ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಟ್ಯಾಂಕಿನ ಕೆಳಗಿನ ನಲ್ಲಿಯನ್ನು ತಿರುಗಿಸಿದರು.

"ಮುಚ್ಚಿತ್ತು. ನೀನು ಮುಚ್ಚಿದೆಯಾ?"

"ನಾನ್ಯಾಕೆ ಮುಚ್ಚಲಿ? ಅದೊಂದು ಇದೆ ಅನ್ನೋದೇ ನನಗೆ ಮರೆತುಹೋಗಿದೆ."

"ಇವಳು ಹಿಂದೆ ಬೀಳ್ಲಿ ಅಂತ ಮುಚ್ಚಿದಾರೆ, ಹಾಳಾದವರು!" ಎಂದಳು ನಾದಿನಿ. ಎದುರಿಗೆ ತೆರೆದ ಪುಸ್ತಕದಂತಿದ್ದದ್ದನ್ನು ತಾನು ತಲೆಕೆಳಗಾಗಿ ಓದಿದ್ದೇನೆಂದು ನಾದಿನಿಗೆ ತಿಳಿದದ್ದು ಆಮೇಲೆ.

ಗದ್ದಲ ಕೇಳಿ ಇನ್ನಿಬ್ಬರು ಸವಾರರೂ ಬಂದರು. ಒಬ್ಬರು ಹಲ್ಲಿನ ಡಾಕ್ಟರು. ಅವರ ಗಾಡಿ ಹೊಚ್ಚಹೊಸದು, ಗುಂಡಿ ಒತ್ತಿದರೆ ತಾನೇ ಎಲ್ಲ ನೋಡಿಕೊಳ್ಳುವಂಥದು. ಇನ್ನೊಬ್ಬರು ಚಿತ್ರ ಕಲಿಸುವ ಮೇಷ್ಟ್ರು. ಪ್ರತಿ ವರ್ಷವೂ ಎರಡನೆಯ ಸ್ಥಾನಕ್ಕೇ ಬಂದು 'ಎರಡನೇ ಮೇಷ್ಟ್ರು' ಎಂಬ ಹೆಸರು ಪಡೆದವರು. ಅವರ ಹಳೆಯ ಗಾಡಿ ಎಷ್ಟು ಸೋರುತ್ತಿತ್ತೆಂದರೆ, ನಿಲ್ಲಿಸಿದಲ್ಲೆಲ್ಲ ಎಂಜಿನ್ನಿನ ಕೆಳಗೆ ಬಣ್ಣದ ಖಾಲಿ ಡಬ್ಬಿಯೊಂದನ್ನು ಇಡುತ್ತಿದ್ದರು. "ಮೇಷ್ಟ್ರ ಗಾಡಿಗೆ ಅಳುಬುರುಕತನ" ಎಂದು ಎಲ್ಲರೂ ನಗುವುದಿತ್ತು, ಅವರೂ ನಗುತ್ತಿದ್ದರು.

ಕಡ್ಡಾಯ ವಿಶ್ರಾಂತಿಯ ಆ ಅತಿಥಿಗೃಹದಲ್ಲಿ ರಾತ್ರಿ ತಂಗಿದ್ದವರು ಇಷ್ಟೇ ಮಂದಿ. ಮಿಕ್ಕ ಸವಾರರು ಬೇರೆ ದಾರಿ ಹಿಡಿದು ಬೇರೆ ಕಡೆ ತಂಗಿದ್ದರು. ಕಾವಲಿನವನು ಹೊರಗಿನಿಂದ ಗೇಟಿಗೆ ಬೀಗ ಹಾಕಿ ಮನೆಗೆ ಹೋಗಿ, ಬೆಳಗ್ಗೆ ಬಂದು ತೆಗೆದಿದ್ದ. ವಿಶ್ರಾಂತಿಯ ಹೊತ್ತಿನಲ್ಲಿ ಯಾರೂ ಕದ್ದು ಓಡಿಸಬಾರದೆಂದು ಎಲ್ಲರ ಗಾಡಿಯ ಕೀಲಿಗಳೂ ಒಳಗಿನ ಹಜಾರದ ಹಲಗೆಯಲ್ಲಿ ತೂಗುತ್ತಿದ್ದವು.

"ಬಿಲ್ಲೆ ಇತ್ತು ಅನ್ನೋದನ್ನ ನೋಡಿದವರು ಯಾರು?" ಎಂದರು ಡಾಕ್ಟರು. "ನಾನೂ ದೀಪಸ್ತಂಭಕ್ಕೆ ಹೋಗಿದ್ದೆ. ಮೊಳೆ ಖಾಲಿ ಇತ್ತು."

"ಖಾಲಿ ಮಾಡಿದವಳೇ ನಾನು! ವಾಪಸ್ ಬರೋವಾಗ ನೀವಿಬ್ಬರೂ ಎದುರಿಗೆ ಸಿಗಲಿಲ್ವಾ? ಮೇಷ್ಟ್ರು ಕೈ ಬೀಸಿದ್ರಲ್ಲ!"

"ಆ ಹುಡುಗಿ ಸುಳ್ಳು ಹೇಳೋಳಲ್ಲ, ಡಾಕ್ಟ್ರೇ," ಎಂದರು ಮೇಷ್ಟ್ರು ಮೆಲ್ಲಗೆ.

ಗಳಿಸಿದ ವಸ್ತುವನ್ನು ಕೊನೆಯವರೆಗೂ ಯಾರಿಗೂ ತೋರಿಸಬಾರದೆಂಬುದು ಈ ಓಟದವರ ರೂಢಿ. ಅದೇ ಈಗ ಅವಳಿಗೆ ಉರುಳಾಯಿತು. ಅಷ್ಟರಲ್ಲಿ ವ್ಯಾನಿನಲ್ಲಿ ಬಂದಿಳಿದ ಓಟದ ಮುಖ್ಯಸ್ಥರು ಎಲ್ಲವನ್ನೂ ಕೇಳಿ ತಲೆ ಕೆರೆದುಕೊಂಡರು.

"ನೋಡಮ್ಮಾ, ಬಿಲ್ಲೆ ತಂದೆ ಅಂತ ನೀನು ನಿನ್ನೆ ಸಂಜೆಯೇ ಫೋನಿನಲ್ಲಿ ಬರೆಸಿದೀಯ. ಕೈಯಲ್ಲಿ ಇಲ್ಲದೆ ಬರೆಸಿದ್ರೆ ಅದು ಸುಳ್ಳು ಲೆಕ್ಕ. ಸುಳ್ಳು ಲೆಕ್ಕ ಕೊಟ್ಟವರನ್ನ ಓಟದಿಂದ ತೆಗೀಬೇಕು. ನಿಯಮ ಮಾಡಿದವನೇ ಮುರಿಯೋಕಾಗುತ್ತಾ? ತಿಂಡಿ ಮುಗಿಯೋವರೆಗೆ ಹುಡುಕಿ."

ಬೇಕರಿಯವಳು ಕಟ್ಟೆಯ ಮೇಲೆ ಕುಸಿದಳು. ನಾದಿನಿ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

"ಸೋತ್ರೆ ಸೋತೆ, ಅಕ್ಕ. ಹೀಗೆ ಕಳ್ಳಿ ಅನ್ನಿಸ್ಕೊಂಡು ಅರ್ಧದಲ್ಲಿ ಹೋಗೋದಾ? ಓದು ಅರ್ಧಕ್ಕೆ ಬಿಟ್ಟೆ. ನರ್ಸ್ ಕೆಲಸ ಅರ್ಧಕ್ಕೆ ಬಿಟ್ಟೆ. ಮದುವೇನೂ ಹಾಗೇ ಆಯ್ತು. ನಮ್ಮಪ್ಪ ನನ್ನ ಹೆಸರು ಹಿಡಿದು ಕರಿಯೋದೇ ಬಿಟ್ಟು 'ಅರ್ಧಂಬರ್ಧ' ಅಂತಿದ್ರು. ಏನಾದ್ರೂ ಒಂದನ್ನ ಪೂರ್ತಿ ಮಾಡು, ಆಮೇಲೆ ಮುಖ ತೋರ್ಸು ಅಂದ್ರು."

ನಾದಿನಿ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಆಕಾಶ ನೋಡುತ್ತಿದ್ದರು. ಅಂದರೆ ಏನೋ ಹೊಳೆದಿದೆ ಎಂದೇ ಅರ್ಥ; ಇಷ್ಟು ವರ್ಷ ಒಟ್ಟಿಗೆ ಬಾಳಿದ್ದಕ್ಕೆ ಅಷ್ಟಾದರೂ ಗೊತ್ತಾಗದೆ ಇರುತ್ತದೆಯೇ?

"ರಾತ್ರಿ ಇದನ್ನ ಹೇಗೆ ನಿಲ್ಸಿದ್ದೆ? ತೋರ್ಸು," ಎಂದರು ಅತ್ತಿಗೆ.

ಬೇಕರಿಯವಳು ಗಾಡಿಯನ್ನು ಶೆಡ್ಡಿನೊಳಕ್ಕೆ ತಳ್ಳಿ, ಗೋಡೆಗೆ ಒತ್ತರಿಸಿ ದೊಡ್ಡ ಸ್ಟ್ಯಾಂಡ್ ಹಾಕಿದಳು. ಸೀಟಿನ ಬೀಗವಿದ್ದ ಕಡೆ ಗೋಡೆಗೆ ಅಂಟಿಕೊಂಡಿತು. ಕೀಲಿ ಸಿಕ್ಕಿದರೂ ಯಾರೂ ತೆರೆಯಬಾರದೆಂದೇ ಹಾಗೆ ನಿಲ್ಲಿಸಿದ್ದಳಂತೆ.

"ಸರಿ. ಈಗ ಒಬ್ಬೊಬ್ಬರಾಗಿ ಇದನ್ನ ಅಂಗಳಕ್ಕೆ ತಂದು ನಿಲ್ಸಿ, ಮತ್ತೆ ಒಳಗಿಡಿ. ಒಬ್ಬರ ಕೈಲಾಗುತ್ತಾ ನೋಡೋಣ. ಮೊದಲು ನೀನು."

"ನಾನಾ?" ನಾದಿನಿಗೆ ಮುನಿಸು ಬಂತು. "ನನ್ನ ಮೇಲೂ ಅನುಮಾನವಾ ನಿಮಗೆ?"

"ಅನುಮಾನದಲ್ಲಿ ತವರು, ಅತ್ತೆಮನೆ ಅಂತ ಇಲ್ಲ ಕಣೇ. ತಳ್ಳು."

ನಾದಿನಿ ಏದುಸಿರು ಬಿಡುತ್ತ ತಳ್ಳಿದಳು, ನಿಲ್ಲಿಸಿದಳು, ಸೆರಗಿನಿಂದ ಬೆವರು ಒರೆಸಿಕೊಂಡಳು. ಡಾಕ್ಟರು ಗೊಣಗುತ್ತ ತಳ್ಳಿದರು. ನಿಲ್ಲಿಸಿದ ಮೇಲೆ ಕೈಗೆ ಮಸಿ ಹತ್ತಿತೆಂದು ಕರ್ಚೀಫು ಹುಡುಕಿದರು. ಮೇಷ್ಟ್ರು ವಯಸ್ಸಾದವರಾದರೂ ಹೂವಿನಂತೆ ತಳ್ಳಿಕೊಂಡು ಬಂದರು, ಸ್ಟ್ಯಾಂಡ್ ಹಾಕಿದರು, ಬಗ್ಗಿ ಟ್ಯಾಂಕಿನ ಕೆಳಗೆ ಒಮ್ಮೆ ಕೈ ಆಡಿಸಿ, ಸೊಂಟ ನೇರ ಮಾಡಿಕೊಂಡು ನಿಂತರು.

"ಮೂವರ ಕೈಲೂ ಆಗುತ್ತೆ," ಎಂದು ನಕ್ಕರು.

"ಆಗುತ್ತೆ. ತಿಂಡಿಗೆ ಹೋಗೋಣ," ಎಂದರು ಅತ್ತಿಗೆ.

ಊಟದ ಕೋಣೆಯಲ್ಲಿ ಉದ್ದನೆಯ ಮೇಜು. ಎಲ್ಲರೂ ಕೂತರು, ತಟ್ಟೆಗೆ ಕೈ ಹಾಕಿದವರು ಯಾರೂ ಇಲ್ಲ.

"ಇನ್‌ಸ್ಪೆಕ್ಟರಮ್ಮ, ಒಗಟು ಸಾಕು. ಬಾಯಿ ಬಿಡಿ," ಎಂದರು ಡಾಕ್ಟರು.

"ಬಾಯಿ ಬಿಡಿಸೋದು ನಿಮ್ಮ ಕಸುಬು, ಡಾಕ್ಟ್ರೇ. ಆದ್ರೂ ಹೇಳ್ತೀನಿ. ಬಿಲ್ಲೆ ಇತ್ತೋ ಇಲ್ವೋ ಅನ್ನೋದು ಮೊದಲ ಪ್ರಶ್ನೆ. ಅದಕ್ಕೆ ಸಾಕ್ಷಿ ಆ ಪೆಟ್ರೋಲ್ ನಲ್ಲಿ. ನಿನ್ನೆ ಇವಳು ಗಾಡಿ ಓಡಿಸ್ಕೊಂಡು ಬಂದಾಗ ಅದು ತೆರೆದಿತ್ತು. ಇಲ್ದಿದ್ರೆ ಇಲ್ಲಿಗೆ ಬರೋಕಾಗ್ತಿರ್ಲಿಲ್ಲ. ಬೆಳಗ್ಗೆ ಮುಚ್ಚಿತ್ತು. ನಳಿಗೇಲಿ ಉಳಿದಿದ್ದ ಗುಟುಕಿನಲ್ಲಿ ಗೇಟಿನವರೆಗೆ ಬಂದು ನಿಂತ್ಹೋಯ್ತು. ಅಂದ್ರೆ ರಾತ್ರಿ ಬೇರೆ ಯಾರೋ ಆ ಗಾಡಿ ಮುಟ್ಟಿದಾರೆ."

"ಇವಳನ್ನ ತಡೆಯೋಕೆ ಮುಚ್ಚಿರಬೇಕು," ಎಂದರು ಮುಖ್ಯಸ್ಥರು.

"ನಮ್ಮ ನಾದಿನೀನೂ ಹಾಗೇ ಅಂದ್ಲು. ತಡೆಯೋ ಮನಸ್ಸಿದ್ದವನು ಚಕ್ರದ ಗಾಳಿ ಬಿಡ್ತಾನೆ, ವೈರ್ ಕೀಳ್ತಾನೆ. ನಲ್ಲಿ ಮುಚ್ಚಿದ್ರೆ ಯಾರಾದ್ರೂ ಬಗ್ಗಿ ಒಂದ್ಸಲ ತಿರುಗಿಸಿದ್ರೆ ಮುಗೀತು. ಕದ್ದವನಿಗೆ ಅದರಿಂದ ಲಾಭವಿಲ್ಲ, ನಷ್ಟವೇ ಹೆಚ್ಚು. ಗಾಡಿ ನಿಲ್ಲದೇ ಇದ್ದಿದ್ರೆ ಇವಳು ಸೀಟು ಎತ್ತುತ್ತಿದ್ದದ್ದೇ ಕೊನೆಯ ಮೇಜಿನ ಹತ್ರ. ಹಾಗಾದ್ರೆ ಯಾಕೆ ಮುಚ್ಚಿದ? ಮುಚ್ಚಬೇಕು ಅಂತ ಮುಚ್ಚಲಿಲ್ಲ. ಸೀಟು ತೆಗೆಯೋಕೆ ಗಾಡೀನ ಗೋಡೆಯಿಂದ ಹೊರಗೆ ಎಳೀಬೇಕಾಯ್ತು. ಕೆಲಸ ಆದ್ಮೇಲೆ ವಾಪಸ್ ನಿಲ್ಲಿಸಿದ. ಗಾಡಿ ನಿಲ್ಲಿಸಿದ ತಕ್ಷಣ ನಲ್ಲಿ ಮುಚ್ಚೋದು ಯಾರ ಕೈಗೆ ಅಂಟಿದ ಅಭ್ಯಾಸವೋ, ಆ ಕೈ ತನ್ನ ಪಾಡಿಗೆ ತಾನು ಹೋಗಿ ಮುಚ್ಚಿಬಿಡ್ತು."

ಅತ್ತಿಗೆ ಮೇಜಿನ ಸುತ್ತ ಒಮ್ಮೆ ಕಣ್ಣು ಹಾಯಿಸಿದರು.

"ಡಾಕ್ಟ್ರ ಗಾಡೀಲಿ ನಲ್ಲಿಯೇ ಇಲ್ಲ. ನಮ್ಮದರಲ್ಲಿ ಇದೆ, ಆದ್ರೆ ತಂತಿ ಸುತ್ತಿದೆ. ನಾವಿಬ್ಬರೂ ಅದನ್ನ ಮುಟ್ಟಿದವರಲ್ಲ. ಮುಖ್ಯಸ್ಥರು ಬಂದದ್ದೇ ಇವತ್ತು. ಇನ್ನು ಉಳಿದದ್ದು ಸೋರೋ ಗಾಡಿ. ಸೋರೋ ಗಾಡಿಯವನು ಪ್ರತಿ ಸಲವೂ ನಲ್ಲಿ ಮುಚ್ಚಲೇಬೇಕು, ಇಲ್ಲಾಂದ್ರೆ ಬೆಳಗಾಗೋದ್ರೊಳಗೆ ಟ್ಯಾಂಕ್ ಖಾಲಿ. ಆದ್ರೂ ಬರೀ ಊಹೆಯ ಮೇಲೆ ಮನುಷ್ಯನನ್ನ ಕಳ್ಳ ಅನ್ನಬಾರದು. ಅದಕ್ಕೇ ಎಲ್ಲರ ಕೈಲೂ ತಳ್ಳಿಸಿದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಷ್ಟು ದಡ್ಡರು ಇಲ್ಲಿ ಯಾರೂ ಇಲ್ಲ. ಬಾಯಿ, ಮುಖ ಎಲ್ಲವನ್ನೂ ಹಿಡಿತದಲ್ಲಿ ಇಟ್ಕೋಬಹುದು, ಅಭ್ಯಾಸ ಬಿದ್ದ ಕೈನ ಇಟ್ಕೊಳ್ಳೋಕಾಗಲ್ಲ. ತಳ್ಳಿಸೋ ಮುಂಚೆ ನಾನು ನಲ್ಲಿ ತೆರೆದಿದ್ದೆ, ಇವಳೂ ನಮ್ಮ ನಾದಿನೀನೂ ನೋಡಿದಾರೆ. ಮುಖ್ಯಸ್ಥರೇ, ಈಗ ಹೋಗಿ ನೋಡಿ ಬನ್ನಿ."

ಮುಖ್ಯಸ್ಥರು ಎದ್ದರು. ಅವರು ಬಾಗಿಲು ದಾಟುವ ಮೊದಲೇ ಮೇಷ್ಟ್ರು ಕೈ ಎತ್ತಿದರು, ತರಗತಿಯ ಹುಡುಗನ ಹಾಗೆ.

"ಹೋಗಬೇಡಿ. ಮುಚ್ಚಿರುತ್ತೆ." ಕೋಟಿನ ಒಳಜೇಬಿನಿಂದ ತಗಡಿನ ಬಿಲ್ಲೆಯನ್ನು ತೆಗೆದು ಬೇಕರಿಯವಳ ಮುಂದೆ ಇಟ್ಟರು. "ಕಣ್ಣು ಮಂಜಾಗ್ತಿದೆ. ಮುಂದಿನ ವರ್ಷ ಓಡಿಸೋಕೆ ಬಿಡಲ್ಲ. ನಿನ್ನ ಬಿಲ್ಲೆಯ ಅಂಕ ತಪ್ಪಿದ್ರೆ ಮೊದಲನೆಯವನು ನಾನೇ ಆಗ್ತಿದ್ದೆ. ಒಂದು ಸಲ, ಒಂದೇ ಸಲ, ಆ 'ಎರಡನೇ' ಅನ್ನೋದನ್ನ ಹೆಸರಿನಿಂದ ಕಿತ್ತುಹಾಕಬೇಕು ಅನ್ನಿಸ್ತು. ತಪ್ಪಾಯ್ತು ಕಣಮ್ಮಾ."

ಅತ್ತಿಗೆ ಮೇಷ್ಟ್ರ ಕಡೆ ತಿರುಗಿದರು.

"ಇಷ್ಟು ವರ್ಷದಿಂದ ನಾನು ಕೊನೆಯವಳಾಗಿ ಬರ್ತಿದೀನಿ, ಮೇಷ್ಟ್ರೇ. ನಿಮ್ಮ ಆ ಎರಡನೇ ಜಾಗವನ್ನ ಕತ್ತೆತ್ತಿ ನೋಡ್ತಿದ್ದೆ. ಅದನ್ನ ನೀವೇ ಕೆಳಗೆ ಹಾಕಿಬಿಟ್ರಲ್ಲ."

ಮೇಷ್ಟ್ರು ತಮ್ಮ ಸಂಖ್ಯೆಯ ಬಟ್ಟೆಯನ್ನು ಮಡಿಸಿ ಮುಖ್ಯಸ್ಥರ ಕೈಗೆ ಕೊಟ್ಟರು. ಬೇಕರಿಯವಳು ಬಿಲ್ಲೆಯನ್ನು ಎತ್ತಿಕೊಂಡಳು. ಬಾಗಿಲ ಬಳಿ ತಿರುಗಿ, "ಮೇಷ್ಟ್ರೇ, ನಾನು ಮೊದಲು ಬಂದ್ರೆ ನೋಡೋಕೆ ನೀವು ಇರಬೇಕು. ಹಿಂದೇನೇ ಬನ್ನಿ," ಎಂದು ಹೇಳಿ ಹೊರಟಳು.

ಹೊರಗೆ ಬಂದ ಮೇಲೆ ನಾದಿನಿ ಅತ್ತಿಗೆಯ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ, "ನಿಮ್ಮ ಗಾಡಿ ಕೊನೆಗೆ ಬಂದ್ರೂ ಪರವಾಗಿಲ್ಲ, ತಲೆ ಮಾತ್ರ ಎಲ್ಲರಿಗಿಂತ ಮುಂಚೆ ಬರುತ್ತೆ," ಎಂದಳು. ಅವಳ ಎದೆ ಎಷ್ಟು ಉಬ್ಬಿತ್ತೆಂದರೆ ಜಾಕೆಟ್ಟಿನ ಜಿಪ್ಪು ಮೇಲೇರಲು ತಕರಾರು ಮಾಡಿತು.

"ಹೊಗಳಿದ್ದು ಸಾಕು, ಹತ್ತು. ನನ್ನ ಮೇಲೂ ಅನುಮಾನವಾ ಅಂತ ದಾರಿಯುದ್ದಕ್ಕೂ ಕೊರೀಬೇಡ."

"ಕೊರೀತೀನಿ."

ಅವರಿಬ್ಬರೂ ಕೊನೆಯ ಮೇಜು ತಲುಪುವ ಹೊತ್ತಿಗೆ ಫಲಿತಾಂಶ ಹೇಳಿ ಆಗಿತ್ತು. ಬೇಕರಿಯವಳು ಮೊದಲನೆಯವಳು, ಡಾಕ್ಟರು ಎರಡನೆಯವರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವರು ಕಂಬಕ್ಕೊರಗಿ ನಿಂತಿದ್ದ ಮೇಷ್ಟ್ರು. ಅತ್ತಿಗೆಯ ಗಾಡಿ ಯಥಾಪ್ರಕಾರ ಕಟ್ಟಕಡೆಗೆ ಬಂದು ನಿಂತಾಗಲೂ ಜನ ಎದ್ದು ನಿಂತು ಕೂಗಿದರು. ನಾದಿನಿ ಇಳಿಯುವಾಗ ಯಾರೂ ನೋಡದಂತೆ ಕಣ್ಣೊರೆಸಿಕೊಂಡಳು.

ಬೇಕರಿಯವಳು ಗುಂಪಿನಿಂದ ಬಿಡಿಸಿಕೊಂಡು ಬಂದು ಅವಳ ಕೈ ಹಿಡಿದಳು.

"ಅಕ್ಕ, ಇಲ್ಲಿ ಅಂಚೆ ಡಬ್ಬಿ ಎಲ್ಲಿದೆ?"

ರಸ್ತೆಯಾಚೆ ಇತ್ತು. ಜೊತೆಗೇ ನಡೆದರು. ಆಕೆ ಜಾಕೆಟ್ಟಿನೊಳಗಿನಿಂದ ಒಂದು ಲಕೋಟೆ ತೆಗೆದಳು. ಮೂಲೆಗಳು ಸವೆದು ಬಟ್ಟೆಯಂತೆ ಮೆತ್ತಗಾಗಿದ್ದವು.

"ಅಪ್ಪನಿಗಾ? ಇಷ್ಟು ಬೇಗ ಯಾವಾಗ ಬರೆದೆ?"

"ಹೋದ ವರ್ಷ ಓಟಕ್ಕೆ ಹೊರಡೋ ಮುಂಚೆ ಬರೆದದ್ದು. ದಾರೀಲಿ ಕೈ ಚೆಲ್ಲಿ ವಾಪಸ್ ಹೋದೆ, ಕಾಗದ ಸುಳ್ಳಾಗಿಬಿಡ್ತು. ಹರಿಯೋಕೂ ಮನಸ್ಸಾಗ್ಲಿಲ್ಲ."

"ಗೆದ್ದೆ ಅಂತ ಈಗ ಸೇರಿಸ್ಬೇಕಲ್ಲ?"

"ಬೇಡ ಅಕ್ಕ. 'ಅಪ್ಪಾ, ಮುಗಿಸಿದೆ' ಅಂತ ಬರೆದಿದೀನಿ. ಅವರಿಗೆ ಬೇಕಾದದ್ದು ಅಷ್ಟೇ."

ಲಕೋಟೆಯನ್ನು ಡಬ್ಬಿಯ ಬಾಯಿಗೆ ಹಿಡಿದು, ಒಂದು ಉಸಿರು ಎಳೆದುಕೊಂಡು, ಬೇಕರಿಯವಳು ಕೈ ಬಿಟ್ಟಳು.