ಚಿನ್ನದ ಬಣ್ಣದ ಪ್ಲಗ್

ಮೆಕ್ಯಾನಿಕ್‌ನ ಬಲಗೈ ಬೆಂಚಿನ ವೈಸಿನ ಕಬ್ಬಿಣದ ದವಡೆಯೊಳಗೆ ಸಿಕ್ಕಿತ್ತು. ಹಿಡಿ ತಿರುಗಿಸುತ್ತಿದ್ದವನು ಕಾರಿನ ಯಜಮಾನ.

"ಇನ್ನೊಂದೇ ಸುತ್ತು... ಬೆರಳು ಪುಡಿಪುಡಿ!"

"ಅಕ್ಕಾ, ನಾನಲ್ಲ ಅಂತ ಹೇಳಕ್ಕಾ!"

ಅಕ್ಕ ಎಂದರೆ ನಾನು. ಯಾರು ಕೈಕೊಟ್ಟರು ಎಂದು ಹುಡುಕಿಕೊಡುವುದು ನನ್ನ ಕಸುಬು.

ನಿನ್ನೆಯ ರೇಸಿನಲ್ಲಿ ಯಜಮಾನನ ಟರ್ಬೊ ಕಾರು ಎರಡನೇ ಸುತ್ತಿಗೇ ಕೆಮ್ಮಿ ನಿಂತಿತ್ತು. ಗೆದ್ದವನು ಅವನ ಭಾವಮೈದುನ! ಮನೆ ಮುಳುಗಿದರೂ ತಡೆದುಕೊಳ್ಳಬಹುದು. ಹೆಂಡತಿಯ ತಮ್ಮ ಗೆದ್ದರೆ...?

"ಇವನು ಅವನ ಕಡೆ ಸೇರ್ಕೊಂಡಿದಾನೆ. ನೀನು ಹೂಂ ಅನ್ನು, ಸಾಕು."

"ಮೊದಲು ಪ್ಲಗ್ ತೋರ್ಸಿ."

ನಾಲ್ಕು ಸ್ಪಾರ್ಕ್ ಪ್ಲಗ್. ಮೈಯೆಲ್ಲ ಚಿನ್ನದ ಬಣ್ಣ. ತುದಿ ಮಾತ್ರ ಸುಣ್ಣದಂತೆ ಬಿಳುಚಿ, ಗುಳ್ಳೆ ಎದ್ದಿತ್ತು.

"ಇವು ಶಾಖ ಹಿಡ್ಕೊಳ್ಳೋ ಪ್ಲಗ್. ಪೇಟೆ ಸುತ್ತೋ ಗಾಡಿಗೆ ಸರಿ. ಟರ್ಬೊಗೆ ಶಾಖ ಬೇಗ ಬಿಡೋದು ಬೇಕು."

"ಅದನ್ನೇ ಹಾಕಿದ್ದೆ ಅಕ್ಕಾ!"

ಸುಳ್ಳಲ್ಲ. ಈ ಮನುಷ್ಯ ತಾನು ಹಾಕುವ ಪ್ರತಿ ಪ್ಲಗ್ಗಿನ ಪಿಂಗಾಣಿಯ ಮೇಲೆ ಪೆನ್ನಿನಿಂದ ಗೆರೆ ಎಳೆಯುತ್ತಾನೆ, ಒಳಗೆ ಕಿಡಿಯ ಬಾಯಿ ಯಾವ ಕಡೆಗಿದೆ ಎಂದು ತಿಳಿಯಲು. ಈ ನಾಲ್ಕರಲ್ಲೂ ಗೆರೆ ಇರಲಿಲ್ಲ.

ಯಜಮಾನನ ಎರಡೂ ಹೆಬ್ಬೆರಳಿಗೆ ಬ್ಯಾಂಡೇಜ್ ಇತ್ತು.

"ಬೆರಳಿಗೇನಾಯ್ತು?"

"ಟೀ ಚೆಲ್ತು."

"ಎರಡೂ ಕೈ ಮೇಲಾ? ಬಿಸಿ ಇಂಜಿನ್‌ನಿಂದ ಪ್ಲಗ್ ಬಿಚ್ಚಿದ್ರೆ ಹಿಂಗೇ ಸುಡೋದು!"

ಅವನು ಹೆಬ್ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿದ.

"ಇವನು ಹಾಕಿದ್ದು ದರಿದ್ರ ಬಣ್ಣ!" ಯಜಮಾನ ಗುಡುಗಿದ. "ಬಾನೆಟ್ ಎತ್ತಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಅಂಗಡೀಲಿ ಇರೋದ್ರಲ್ಲೇ ದುಬಾರಿದು ಕೊಡು ಅಂದೆ, ತಂದು ನಾನೇ ಹಾಕ್ದೆ!"

"ಹಾಕಿದ್ಮೇಲೆ ಪ್ಲಗ್ ಕಾಣೋದೇ ಇಲ್ಲ ಸ್ವಾಮಿ."

ಅವನ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. "ಇದು ಭಾಮೈದನ ಕಿವಿಗೆ ಬಿದ್ರೆ... ನೀವಿಬ್ರೂ ಹೆಣ!"

ಬೆಂಚಿನ ಮೇಲಿದ್ದ ಸ್ಪ್ಯಾನರ್ ಬೀಸಿದೆ. ಪಿಸ್ತೂಲು ಹಾರಿತು. ವೈಸಿನ ಹಿಡಿಯನ್ನು ಹಿಂದಕ್ಕೆ ತಿರುಗಿಸಿದೆ.

"ಓಡು!"

ನನ್ನ ವ್ಯಾನು ನನಗಿಂತ ಹಿರಿಯದು. ಆದರೂ ಒಂದೇ ಕೀಗೆ ಎದ್ದಿತು. ಹಿಂದೆ ಟರ್ಬೊ ಕಿರುಚಿತು. ನೂರು ಗಜ... ಐವತ್ತು... ಹತ್ತು!

"ಈಗ ಯಾವ ಪ್ಲಗ್ ಹಾಕಿದಾನೆ?"

"ಹೊಸ ಸೆಟ್ಟು ಅಕ್ಕಾ. ಅದೂ ಚಿನ್ನದ್ದೇ!"

ಅವನ ಇಂಜಿನ್ ಇನ್ನಷ್ಟು ಬಿಸಿಯಾಗಲಿ ಎಂದು ನಾನು ಏರುರಸ್ತೆಗೆ ತಿರುಗಿಸಿದೆ.

ಅರ್ಧ ಏರು. ಟಪ್! ಟಪ್!... ಟಪ್. ಕನ್ನಡಿಯಲ್ಲಿ ಟರ್ಬೊ ಹಿಮ್ಮುಖವಾಗಿ ಜಾರುತ್ತಿತ್ತು.

ಫೋನ್ ಬಂತು.

"ನಿನ್ನ ಡಬ್ಬಾಗೆ ಯಾವ ಪ್ಲಗ್ ಹಾಕಿದೀಯಾ?" ಯಜಮಾನ ಏದುಸಿರು ಬಿಡುತ್ತಿದ್ದ.

"ಗಾಡಿ ಜೊತೆ ಬಂದ ಪುಸ್ತಕದಲ್ಲಿ ಬರೆದಿರೋದು. ನಿಮ್ಮದೂ ಕಾರಿನ ಡ್ರಾಯರ್‌ನಲ್ಲೇ ಇದೆ ನೋಡಿ... ಪ್ಲಾಸ್ಟಿಕ್ ಕವರು ಕೂಡ ಹರಿದಿಲ್ಲ."